ಕ್ಯಾಸಂಬಳ್ಳಿಯಿಂದ ಆವಣಿಗೆ

ಯಾತ್ರೆಯೆಂದೊಡನೆ ನಮ್ಮ ಗೃಹಸ್ಥರಿಗೆ ಕಾಶಿ, ರಾಮೇಶ್ವರ, ತಿರುಪತಿಗಳು ನೆನಪಿಗೆ ಬರುತ್ತವೆ. ರೈಲಿನ ಚೀಟಿ, ಹಾಸಿಗೆಯ ಸುರುಳಿ, ಬುತ್ತಿಯ ಗಂಟು, ಎಂಟು ದಿನಗಳ ಬಿಡುವು ಇವೆಲ್ಲವೂ ಒದಗಿದ ಹೊರತು ಮನೆಯ ಹೊಸಿಲು ದಾಟುವುದು ಸಾಧ್ಯವಿಲ್ಲವೆಂಬ ಭಾವನೆ ನಮ್ಮಲ್ಲಿ ಬೇರೂರಿರುವುದು. ಮನೆಯಿಂದ ಹತ್ತು ಹರಿದಾರಿಯೊಳಗೆ ಇರುವ ದೇಶವನ್ನು ಮಾತ್ರ ನಾವು ನೋಡಿಯೇ ಇರುವುದಿಲ್ಲ. ನಾನು ಇಲ್ಲಿ ಬರೆಯಹೊರಟಿರುವುದು ಅಂಥ ಒಂದು ಹಗಲಿನ ಪ್ರಯಾಣವನ್ನು ಕುರಿತು. ವಾಹನವು ೧೨೫ ಸಿ.ಸಿ.ಯ ಒಂದು ಸಾಧಾರಣ ಮೋಟಾರುಸೈಕಲ್ಲು. ಪ್ರಯಾಣಿಕರು ಅರವತ್ತು ತುಂಬಿದ ನಾನು ಮತ್ತು ಹಿಂದಿನ ಪೀಠದಲ್ಲಿ ನನ್ನ ಗೃಹಿಣಿ. ಆಕೆ ಆ ಪೀಠದ ಮೇಲೆ ಕುಳಿತದ್ದು ಎರಡು ವರ್ಷಗಳ ತರುವಾಯ. ಅದರ ಕಾರಣವನ್ನು ಹೇಳದೆ ಈ ಪ್ರಯಾಣದ ಕಥೆಯನ್ನು ಹೇಳುವಂತಿಲ್ಲ.

ಮೊದಲು ಊರಿನ ವಿಚಾರ. ಕ್ಯಾಸಂಬಳ್ಳಿಯು ಕೋಲಾರ ಜಿಲ್ಲೆಯಲ್ಲಿ, ಚಿನ್ನದ ಗಣಿಗಳಿಗೆ ಸಮೀಪವಾಗಿ, ಆಂಧ್ರದೇಶದ ಮೇರೆಗೆ ಅನತಿದೂರದಲ್ಲಿರುವ ಒಂದು ಹೋಬಳಿಯ ಮುಖ್ಯಗ್ರಾಮ. ಹಿಂದೆ ಬಂಗಾರಪೇಟೆ ತಾಲ್ಲೂಕಿನಲ್ಲಿದ್ದಿತು. ಗಣಿಯ ಪ್ರದೇಶವೇ ಬೇರೊಂದು ತಾಲ್ಲೂಕಾದಾಗ ಅದಕ್ಕೆ ಸೇರಿತು. ಇಲ್ಲಿ ಮನೆಯೊಳಗೆ ತೆಲುಗು, ಕಚೇರಿಯಲ್ಲಿ ಕನ್ನಡ, ಗಣಿಪೇಟೆಯ ಅಂಗಡಿಗಳಲ್ಲಿ ತಮಿಳು. ಒಂದೇ ವಾಕ್ಯದಲ್ಲಿ ಮೂರನ್ನೂ ನಿರಾಯಾಸವಾಗಿ ಹೊಂದಿಸುವವರೂ ಉಂಟು. ವ್ಯಾಕರಣವನ್ನು ಬೋಧಿಸಿ ಹೊಟ್ಟೆ ಹೊರೆದ ನನಗೆ ಮೊದಮೊದಲು ಇದು ಕಿವಿಗೆ ಕಷ್ಟವಾಗಿದ್ದಿತು. ಈಗ ಅದು ಕಿವಿಗೆ ಬೀಳದಿದ್ದರೆ ಪರಸ್ಥಳದಲ್ಲಿರುವಂತೆ ತೋರುವುದು. ಮೈಸೂರಿನ ಮೊದಲನೆಯ ಮುಖ್ಯಮಂತ್ರಿಗಳಾಗಿ ೧೯೪೭ರ ಅಕ್ಟೋಬರಿನಲ್ಲಿ ಅಧಿಕಾರ ವಹಿಸಿದ ಕೆ. ಚೆಂಗಲರಾಯ ರೆಡ್ಡಿಯವರು ೧೯೦೨ರಲ್ಲಿ ಜನಿಸಿದ್ದು ಈ ಗ್ರಾಮದಲ್ಲಿಯೇ. ಅವರ ಹೆಸರಿನ ಮೊದಲಿಗೆ ನಿಂತ ಆ ಒಂದಕ್ಷರದಲ್ಲಿ ನಮ್ಮ ಊರೇ ಅಡಗಿದೆಯೆಂದು ಮಕ್ಕಳಿಗೆ ಹೇಳುವಾಗ ಯಾವ ಮೇಷ್ಟರ ಧ್ವನಿಯಾದರೂ ಸ್ವಲ್ಪ ಎತ್ತರವಾಗುವುದು ಸಹಜ.

ಇನ್ನು ಆ ಕಾರಣ. ಎರಡು ವರ್ಷಗಳ ಕೆಳಗೆ ಮಾರ್ಗಶಿರ ಮಾಸದ ಒಂದು ಸಂಜೆ, ನೆಂಟರ ಮನೆಯ ಸೀಮಂತವನ್ನು ಮುಗಿಸಿಕೊಂಡು ನಾವಿಬ್ಬರೂ ಹಿಂದಿರುಗುತ್ತಿದ್ದೆವು. ನಾನು ಹೆಲ್ಮೆಟ್ಟು ಧರಿಸಿದ್ದೆ. ಆಕೆ ಧರಿಸಿರಲಿಲ್ಲ, ಹೂವು ಮುಡಿದ ತಲೆ, ರೇಷ್ಮೆಯ ಸೀರೆ, ಒಂದೇ ಪಕ್ಕಕ್ಕೆ ಕಾಲಿಟ್ಟು ಕುಳಿತ ಭಂಗಿ. ಒಂದು ತಿರುವನ್ನು ಕಳೆಯುತ್ತಲೇ ಮುಂದೆ ರಸ್ತೆಯ ಮೇಲೆ ರಾಗಿಯ ಹುಲ್ಲು ಹರಡಿರುವುದು ಕಂಡಿತು. ನಮ್ಮ ಸೀಮೆಯಲ್ಲಿ ಇದು ಅಪರೂಪವಲ್ಲ. ಕೊಯ್ದ ತೆನೆಯನ್ನು ಡಾಂಬರಿನ ಮೇಲೆ ಹರವಿದರೆ ಹೋಗಿಬರುವ ಗಾಡಿಗಳೇ ಒಕ್ಕಣೆ ಮಾಡಿಕೊಡುತ್ತವೆ. ನಾನು ಗಾಬರಿಯಿಂದ ಮುಂದಿನ ಬ್ರೇಕನ್ನು ಹಿಡಿದೆ. ಹುಲ್ಲಿನ ದಂಟು ದುಂಡಗಿರುವುದರಿಂದ ಚಕ್ರದಡಿಯಲ್ಲಿ ಉರುಳೆಗಳಂತೆ ಉರುಳುವುದು. ಚಕ್ರಕ್ಕೆ ನೆಲವು ಸಿಕ್ಕುವುದೇ ಇಲ್ಲ. ಮುಂದಿನ ಚಕ್ರ ಜಾರಿತು, ಇಬ್ಬರೂ ಬಿದ್ದೆವು. ನನ್ನ ಹೆಲ್ಮೆಟ್ಟಿನ ಮೇಲೆ ಒಂದು ಗೀರು ಬಿದ್ದಿತು. ಆಕೆಯ ಹಣೆಯ ಮೇಲೆ ಏಳು ಹೊಲಿಗೆಗಳು ಬಿದ್ದವು. ಅದಕ್ಕಿಂತ ಹೆಚ್ಚಾಗಿ, ಎರಡು ದಿನಗಳ ಕಾಲ ಆಕೆಯು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಳು: "ಸೀಮಂತಕ್ಕೆ ಹೊತ್ತಾಯಿತು, ಹೊರಡಬೇಡವೆ?"

ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನಾನು ಯೋಚಿಸಿದ್ದು ರೈತನ ತಪ್ಪನ್ನಲ್ಲ. ಹಿಂದೆ ಕುಳಿತವರಿಗೂ ಹೆಲ್ಮೆಟ್ಟು ಅವಶ್ಯವೆಂಬ ಆಜ್ಞೆಯನ್ನು ನಮ್ಮ ರಾಜ್ಯದಲ್ಲಿ ೨೦೧೬ರ ಜನವರಿಯಿಂದಲೇ ಜಾರಿಗೆ ತಂದಿದ್ದರು. ಮೂವತ್ತು ವರ್ಷ ಮಕ್ಕಳಿಗೆ ನಿಯಮವನ್ನು ಕಲಿಸಿದವನು, ಎರಡು ತಲೆಗಳು ಹೋಗುವ ವಾಹನದಲ್ಲಿ ಒಂದು ತಲೆಗೆ ಮಾತ್ರ ರಕ್ಷಣೆಯನ್ನು ಏರ್ಪಡಿಸಿದ್ದೆ. ಆ ಒಂದು ತಲೆ ನನ್ನದಾಗಿದ್ದಿತು. ಕೇಂದ್ರ ಸರ್ಕಾರದ ವರದಿಯಂತೆ ೨೦೨೨ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು ೧,೬೮,೪೯೧ ಮಂದಿ. ಹೆಲ್ಮೆಟ್ಟಿಲ್ಲದೆ ಮಡಿದವರು ೫೦,೦೨೯ ಮಂದಿ. ಇವರಲ್ಲಿ ೧೪,೩೩೭ ಮಂದಿ ಹಿಂದೆ ಕುಳಿತವರು. ಈ ಕೊನೆಯ ಸಂಖ್ಯೆಯಲ್ಲಿ ಎಷ್ಟು ಮಂದಿ ಹೂವು ಮುಡಿದವರಿದ್ದರೋ, ಎಷ್ಟು ಮಂದಿ ಮಡಿಲಲ್ಲಿ ಮಗುವನ್ನು ಇಟ್ಟುಕೊಂಡಿದ್ದರೋ ವರದಿಯಲ್ಲಿ ಹೇಳುವುದಿಲ್ಲ.

ಆಕೆಯು ಸಂಪೂರ್ಣವಾಗಿ ಗುಣವಾದಳು. ಆದರೆ ಗಾಡಿಯ ಹತ್ತಿರ ಬರಲಿಲ್ಲ. ನಾನೂ ಕರೆಯಲಿಲ್ಲ. ಕಳೆದ ಮಾರ್ಗಶಿರದಲ್ಲಿ ಒಂದು ದಿನ ಆಕೆಯೇ, "ಆವಣಿಯ ಸೀತಮ್ಮನ ಬೆಟ್ಟವನ್ನು ನೋಡಬೇಕೆಂದು ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ" ಎಂದಳು. ಬಸ್ಸಿನಲ್ಲಿ ಹೋಗೋಣವೆಂದೆ. "ಬಸ್ಸು ನಿಲ್ಲುವ ಕಡೆ ನೋಡುವುದೇನೂ ಇರುವುದಿಲ್ಲ, ನೋಡಬೇಕಾದ ಕಡೆ ಬಸ್ಸು ನಿಲ್ಲುವುದಿಲ್ಲ" ಎಂದು ಉತ್ತರ ಬಂದಿತು. ಅನಂತರ ತನ್ನ ಕರಾರುಗಳನ್ನು ಹೇಳಿದಳು. ತನಗೂ ತಕ್ಕ ಹೆಲ್ಮೆಟ್ಟು ಬೇಕು. ಗಾಡಿಯು ೪೦ನ್ನು ಮೀರಕೂಡದು. ಹೊತ್ತು ಮುಳುಗುವುದರೊಳಗೆ ಮನೆಯಲ್ಲಿರಬೇಕು. ತಾನು ಭುಜವನ್ನು ತಟ್ಟಿದರೆ, ಏಕೆಂದು ಕೇಳದೆ ನಿಲ್ಲಿಸಬೇಕು.

ಹೆಲ್ಮೆಟ್ಟನ್ನು ರಾಬರ್ಟ್‌ಸನ್‌ಪೇಟೆಯಲ್ಲಿ ಕೊಂಡೆವು. ಸಂಸ್ಕೃತದಲ್ಲಿ ಇದಕ್ಕೆ ಶಿರಸ್ತ್ರಾಣವೆಂಬ ಒಳ್ಳೆಯ ಹೆಸರಿದೆ, ತ್ರಾಣವೆಂದರೆ ಕಾಪಾಡುವುದು. ರಸ್ತೆಯ ಬದಿಯಲ್ಲಿ ರಾಶಿ ಹಾಕಿ ಅಗ್ಗವಾಗಿ ಮಾರುವ ಬುರುಡೆಗಳಿಗೆ ಆ ಹೆಸರು ಸಲ್ಲದು. ಅವು ಪೋಲೀಸಿನವರಿಂದ ಮಾತ್ರ ಕಾಪಾಡತಕ್ಕವು. ಐ.ಎಸ್.ಐ. ಗುರುತು ಇರುವುದನ್ನು ನೋಡಿ, ತಲೆಗೆ ಬಿಗಿಯಾಗಿ ಕೂರುವುದನ್ನು ಆರಿಸಿ, ಗಲ್ಲದ ಪಟ್ಟಿಯನ್ನು ಹಾಕಿಕೊಂಡು ತಲೆಯಲ್ಲಾಡಿಸಿ ನೋಡಬೇಕು. ಪಟ್ಟಿ ಹಾಕದ ಹೆಲ್ಮೆಟ್ಟು ಬೀಳುವಾಗ ತಲೆಗಿಂತ ಮುಂಚೆಯೇ ಹೊರಟುಹೋಗುವುದು. ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವೈದ್ಯವಿದ್ವಾಂಸರು, ಹೆಲ್ಮೆಟ್ಟಿನಿಂದ ಸಾವಿನ ಅಪಾಯವು ನೂರಕ್ಕೆ ೪೨ರಷ್ಟೂ ತಲೆಗೆ ಪೆಟ್ಟಾಗುವ ಅಪಾಯವು ೬೯ರಷ್ಟೂ ಕಡಿಮೆಯಾಗುವುದೆಂದು ಕಂಡುಕೊಂಡಿದ್ದಾರೆ. ಹೂವಿನ ಪ್ರಶ್ನೆಯನ್ನು ನನ್ನಾಕೆಯೇ ಬಗೆಹರಿಸಿದಳು: ಹೂವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟು, ದೇವಸ್ಥಾನದ ಬಾಗಿಲಲ್ಲಿ ಮುಡಿದುಕೊಳ್ಳುವುದು. ಸೀರೆಯ ಪ್ರಶ್ನೆಯನ್ನು ಮಗಳ ಚೂಡಿದಾರವು ಪರಿಹರಿಸಿತು. ಅದರ ದುಪಟ್ಟವನ್ನು ಕತ್ತಿನಿಂದ ತೆಗೆದು ಚೀಲಕ್ಕೆ ಸೇರಿಸಿದೆವು. ಹಿಂದಿನ ಚಕ್ರಕ್ಕೆ ಸೆರಗೋ ದುಪಟ್ಟವೋ ಸಿಕ್ಕಿ ಸೆಳೆದುಕೊಂಡ ಪ್ರಸಂಗಗಳು ಎಷ್ಟಾಗಿಲ್ಲ? ಆ ಚಕ್ರದ ಅರ್ಧದಷ್ಟಾದರೂ ಮುಚ್ಚುವ ಅಡ್ಡಪಟ್ಟಿ, ಹಿಂದಿನವರಿಗೆ ಹಿಡಿ, ಕಾಲಿಡಲು ಮೆಟ್ಟು, ಇವು ಇರಲೇಬೇಕೆಂದು ಮೋಟಾರು ವಾಹನ ನಿಯಮಗಳಲ್ಲಿಯೇ ಇದೆ. ಅಂದಕ್ಕೆ ಕೊರತೆಯೆಂದು ಹುಡುಗರು ಅದನ್ನು ಬಿಚ್ಚಿಸಿಹಾಕುವರು.

ಹೊರಟ ದಿನ ಮಂಜು ದಟ್ಟವಾಗಿದ್ದಿತು. ಎಂಟು ಗಂಟೆಯವರೆಗೆ ಕಾದೆವು. ಇಬ್ಬರು ಕೂರುವಾಗ ಹಿಂದಿನ ಟೈರಿಗೆ ಹೆಚ್ಚು ಗಾಳಿ ಬೇಕು; ಎಷ್ಟೆಂಬುದು ಗಾಡಿಯ ಜೊತೆಗೆ ಬಂದ ಪುಸ್ತಕದಲ್ಲಿರುವುದು. ಗಾಳಿ, ಸರಪಣಿ, ದೀಪ, ಬ್ರೇಕು ಎಲ್ಲವನ್ನೂ ಹಿಂದಿನ ಸಂಜೆಯೇ ನೋಡಿಟ್ಟಿದ್ದೆ.

ದಾರಿಯು ಗಣಿಗಳ ಕಡೆಗೆ ಸಾಗುವಾಗ ಬೆಳಗಿನ ಸೂರ್ಯನು ನಮ್ಮ ಬೆನ್ನಿಗಿದ್ದನು. ನೋಡುವುದಕ್ಕೆ ಇದಕ್ಕಿಂತ ಸೊಗಸಾದ ಹೊತ್ತಿಲ್ಲ. ಹೊಲಗಳ ಮೇಲಿನ ಇಬ್ಬನಿ, ಬಂಡೆಗಳ ನೆರಳು, ಹುಣಿಸೆಯ ಮರಗಳ ತುದಿ ಎಲ್ಲವೂ ಹೊಳೆಯುತ್ತವೆ. ಆದರೆ ನಮ್ಮ ಬೆನ್ನಿನ ಸೂರ್ಯನು ಎದುರಿಗೆ ಬರುವವನ ಕಣ್ಣಿಗಿರುವನೆಂಬುದನ್ನು ನಾವು ಮರೆಯುತ್ತೇವೆ. ನಮಗೆ ಅವನು ಸ್ಪಷ್ಟವಾಗಿ ಕಾಣುತ್ತಾನೆ, ಅವನಿಗೆ ನಾವು ಕಾಣುವುದಿಲ್ಲ. ಅಂಥ ವೇಳೆಯಲ್ಲಿ ಎದುರಿನ ಲಾರಿಯು ನಮ್ಮನ್ನು ನೋಡಿದೆಯೆಂದು ನಂಬದೆ ಎಡಕ್ಕೆ ಸರಿದು ಹೋಗುವುದೇ ಕ್ಷೇಮ.

ಮೊದಲನೆಯ ತಟ್ಟು ಬಿದ್ದದ್ದು ಗಣಿಯ ದಿಬ್ಬಗಳ ಬಳಿ. ನಿಲ್ಲಿಸಿದೆ. ಬೂದುಬಣ್ಣದ ಆ ಉದ್ದನೆಯ ಗುಡ್ಡಗಳನ್ನು ಬಾಲ್ಯದಿಂದ ನೋಡಿದವರಿಗೂ ಅವು ಪ್ರತಿಸಾರಿಯೂ ಬೇರೆಯಾಗಿ ಕಾಣುವುವು. ಮಳೆಯು ಅವುಗಳ ಮೈಯನ್ನು ಕೊರೆದು, ನೆರಿಗೆ ಹಿಡಿದ ಬಟ್ಟೆಯಂತೆ ಮಾಡಿದೆ. ಇವು ದೇವರು ಮಾಡಿದ ಬೆಟ್ಟಗಳಲ್ಲ. ಕಲ್ಲನ್ನು ಹಿಟ್ಟುಮಾಡಿ, ಸಯನೈಡಿನಿಂದ ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಮಣ್ಣು. ಜಾನ್ ಟೇಲರ್ ಕಂಪೆನಿಯವರು ೧೮೮೦ರ ಸುಮಾರಿಗೆ ಇಲ್ಲಿ ಕೆಲಸವನ್ನಾರಂಭಿಸಿದರು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ನೂರಾರು ಕಂಬಗಳನ್ನು ದಾಟಿ ಇಲ್ಲಿಗೆ ಬಂದಿತು. ಭೂಮಿಯ ಕೆಳಗೆ ಮೂರು ಕಿಲೋಮೀಟರಿಗೂ ಆಳವಾಗಿ ಇಳಿದು ದುಡಿದ ಜನರ ಮಕ್ಕಳು ನನ್ನ ತರಗತಿಗಳಲ್ಲಿ ಕುಳಿತಿದ್ದರು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದವು. ಈಗ ಅನೇಕರು ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುವರು. ನನ್ನಾಕೆ ಬಹಳ ಹೊತ್ತು ನೋಡಿ, "ಇಷ್ಟು ಮಣ್ಣಿನಿಂದ ನಮ್ಮ ಮನೆಗೆ ಬಂದದ್ದು ಒಂದು ಮಾಂಗಲ್ಯ" ಎಂದಳು. ಬೇಸಗೆಯಲ್ಲಿ ಈ ದಿಬ್ಬಗಳಿಂದ ಗಾಳಿಯು ನುಣುಪಾದ ಧೂಳನ್ನೆಬ್ಬಿಸುವುದು. ಮುಖದ ಗಾಜನ್ನು ಇಳಿಸದೆ ಹೋಗುವವನಿಗೆ ಕಣ್ಣು ಮುಚ್ಚುವುದೊಂದೇ ಉಪಾಯ, ಮತ್ತು ಮೋಟಾರುಸೈಕಲ್ಲಿನ ಮೇಲೆ ಅದು ಉಪಾಯವಲ್ಲ.

ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ೧೦೮ ಅಡಿಗಳ ಲಿಂಗವನ್ನೂ, ಸುತ್ತಲೂ ಸಾಲುಸಾಲಾಗಿ ಭಕ್ತರು ಇರಿಸಿದ ಅಸಂಖ್ಯಾತ ಲಿಂಗಗಳನ್ನೂ ನೋಡಲು ದೂರದಿಂದ ಜನರು ಬರುತ್ತಾರೆ. ಗಾತ್ರವೇ ಮಹಿಮೆಯೆಂದು ಒಪ್ಪಲು ನನ್ನ ಮನಸ್ಸು ಹಿಂಜರಿಯುವುದು, ಆದರೆ ಮಕ್ಕಳ ಆನಂದವನ್ನು ನೋಡಿದರೆ ವಾದ ಮಾಡಬೇಕೆನಿಸುವುದಿಲ್ಲ. ಹೊರಗಿನ ರಸ್ತೆಯಲ್ಲಿ ನಿಂತ ಕಾರುಗಳ ಬಾಗಿಲುಗಳು ಹಠಾತ್ತಾಗಿ ತೆರೆಯುವುವು. ಒಂದು ಬಾಗಿಲಿನಷ್ಟು ಅಗಲವನ್ನು ಬಿಟ್ಟೇ ಹೋಗಬೇಕು. ಗುಟ್ಟಹಳ್ಳಿಯ ಬಂಗಾರು ತಿರುಪತಿಯಲ್ಲಿ ಹಣ್ಣುಕಾಯಿ ಮಾಡಿಸಿ ಮುಂದೆ ನಡೆದೆವು.

ಎರಡನೆಯ ತಟ್ಟು ಬೇತಮಂಗಲದ ಕೆರೆಯ ಬಳಿ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಬರುವ ಪಾಲಾರ್ ನದಿಯನ್ನು ಇಲ್ಲಿ ಕಟ್ಟೆಹಾಕಿ ನಿಲ್ಲಿಸಿದೆ. ಪಾಲ್ ಎಂದರೆ ಹಾಲು, ಸಂಸ್ಕೃತದಲ್ಲಿ ಕ್ಷೀರನದಿ. ಹೆಸರಿಗೆ ಹಾಲಿನ ನದಿಯಾದರೂ ನೀರನ್ನು ಕಾಣುವುದೇ ನಮಗೆ ಹಬ್ಬ. ಇಪ್ಪತ್ತನೆಯ ಶತಮಾನದ ಆರಂಭದಿಂದ ಗಣಿಯ ಪೇಟೆಗಳಿಗೆ ಕುಡಿಯುವ ನೀರು ಹೋದದ್ದು ಇಲ್ಲಿಂದ. ೨೦೨೧ರ ನವೆಂಬರಿನ ಮಳೆಗೆ ನಮ್ಮ ಜಿಲ್ಲೆಯ ಅನೇಕ ಕೆರೆಗಳು ಕೋಡಿಬಿದ್ದು ಹರಿದಾಗ ಜನರು ಅರಿಸಿನ ಕುಂಕುಮ ಹಿಡಿದು ಬಾಗಿನಕ್ಕೆ ಓಡಿದರು. ಹುಡುಗರು ಮಾತ್ರ ಹರಿಯುವ ಕೋಡಿಯಲ್ಲಿ ಗಾಡಿಗಳನ್ನು ನುಗ್ಗಿಸಿ ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಮೊಣಕಾಲಿಗೆ ಬಾರದ ನೀರು ಕೂಡ ಹರಿಯುವಾಗ ಗಾಡಿಯನ್ನು ಪಕ್ಕಕ್ಕೆ ತಳ್ಳಬಲ್ಲದು. ಕೆಳಗೆ ಪಾಚಿಯಿದ್ದರೆ ಕೇಳುವುದೇ ಬೇಡ.

ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹೊಸ ವೇಗಮಾರ್ಗವು ಈ ಬೇತಮಂಗಲದ ಬಳಿಯಲ್ಲಿಯೇ ಹಾದುಹೋಗುವುದು. ಹೊಸಕೋಟೆಯಿಂದ ಇಲ್ಲಿಯವರೆಗಿನ ಸುಮಾರು ೭೧ ಕಿಲೋಮೀಟರುಗಳ ಭಾಗವು ೨೦೨೪ರ ಡಿಸೆಂಬರಿನಲ್ಲಿ ಸಂಚಾರಕ್ಕೆ ತೆರೆಯಿತು. ನಮ್ಮ ಕಡೆಯ ಹುಡುಗರಿಗೆ ಅದರ ಮೇಲೆ ಬಹಳ ಕಣ್ಣು. ಆದರೆ ಗಂಟೆಗೆ ನೂರಿಪ್ಪತ್ತು ಕಿಲೋಮೀಟರು ಹೋಗುವ ಕಾರುಗಳಿಗಾಗಿ ಮಾಡಿದ ದಾರಿ ಅದು, ದ್ವಿಚಕ್ರಿಗಳಿಗಲ್ಲ. ಬೆಂಗಳೂರು-ಮೈಸೂರು ವೇಗಮಾರ್ಗದಲ್ಲಿ ಇವುಗಳನ್ನು ೨೦೨೩ರ ಆಗಸ್ಟಿನಿಂದಲೇ ನಿಷೇಧಿಸಿದರು. ನೋಡುವ ದೃಷ್ಟಿಯಿಂದಲೂ ಅಲ್ಲಿ ಲಾಭವಿಲ್ಲ. ಎರಡು ಕಡೆಯೂ ಬೇಲಿ, ನಡುವೆ ಕಪ್ಪು ರಸ್ತೆ. ಕೋಲಾರವೂ ಒಂದೇ, ಕಲಹಾರಿಯೂ ಒಂದೇ.

ಈ ೪೦ರ ಲೆಕ್ಕವನ್ನು ಮೊದಲು ನಾನು ಹೆಂಗಸರ ಭಯವೆಂದೇ ಎಣಿಸಿದ್ದೆ. ಮನೆಯಲ್ಲಿ ಕುಳಿತು ಗುಣಿಸಿ ನೋಡಿದಾಗ ಆಕೆಯ ಲೆಕ್ಕ ಸರಿಯಾಗಿದ್ದಿತು. ಗಂಟೆಗೆ ೪೦ ಕಿಲೋಮೀಟರಿನಲ್ಲಿ ಗಾಡಿಯು ಒಂದು ಕ್ಷಣಕ್ಕೆ, ಎಂದರೆ ಒಂದು ಸೆಕೆಂಡಿಗೆ, ೧೧ ಮೀಟರು ಓಡುವುದು. ಅಡ್ಡವಾಗಿ ಬಂದದ್ದು ನಾಯಿಯೆಂದು ಬುದ್ಧಿಗೆ ತಿಳಿದು ಕೈಗೆ ಆಜ್ಞೆ ಹೋಗುವಷ್ಟರಲ್ಲಿ ಆ ೧೧ ಮೀಟರು ಮುಗಿದಿರುವುದು. ಒಣ ಡಾಂಬರಿನ ಮೇಲೆ ಚೆನ್ನಾಗಿ ಬ್ರೇಕು ಹಿಡಿದರೆ ನಿಲ್ಲಲು ಇನ್ನೊಂದು ಹತ್ತು. ಒಟ್ಟು ಸುಮಾರು ೨೧. ೬೦ರಲ್ಲಿ ಈ ಮೊತ್ತವು ೪೦ ಮೀಟರಾಗುವುದು, ೮೦ರಲ್ಲಿ ೬೩. ವೇಗವು ಇಮ್ಮಡಿಯಾದರೆ ಬ್ರೇಕಿನ ದೂರವು ನಾಲ್ಮಡಿಯಾಗುವುದೆಂಬ ಗಣಿತವನ್ನು ಹೈಸ್ಕೂಲಿನಲ್ಲಿ ಎಲ್ಲರೂ ಕಲಿತು ಪರೀಕ್ಷೆ ಮುಗಿದೊಡನೆ ಮರೆಯುವರು. ಬ್ರೇಕು ಹಿಡಿಯುವುದರಲ್ಲಿಯೂ ಒಂದು ಕಲೆಯಿದೆ: ಗಾಡಿಯ ಭಾರವು ಮುಂದಕ್ಕೆ ಬಾಗುವುದರಿಂದ ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಚಕ್ರದ್ದು, ಎರಡನ್ನೂ ಒಟ್ಟಿಗೆ, ನಿಂಬೆಹಣ್ಣನ್ನು ಹಿಂಡುವಂತೆ ಮೆಲ್ಲನೆ ಬಿಗಿಮಾಡುತ್ತ ಹಿಡಿಯಬೇಕು. ೨೦೧೯ರ ಏಪ್ರಿಲಿನಿಂದ ಮಾರುವ ೧೨೫ ಸಿ.ಸಿ.ಯವರೆಗಿನ ಗಾಡಿಗಳಲ್ಲಿ ಎರಡು ಬ್ರೇಕುಗಳೂ ಕೂಡಿ ಹಿಡಿಯುವ ಏರ್ಪಾಡೂ, ಅದಕ್ಕಿಂತ ದೊಡ್ಡವುಗಳಲ್ಲಿ ಚಕ್ರವು ಬಿಗಿದು ಜಾರದಂತೆ ತಡೆಯುವ ಎ.ಬಿ.ಎಸ್. ಎಂಬ ಏರ್ಪಾಡೂ ಇರುತ್ತವೆ. ಆದರೆ ಮರಳು, ಸಗಣಿ, ರಾಗಿಹುಲ್ಲುಗಳ ಮೇಲೆ ಯಾವ ಏರ್ಪಾಡಿಗೂ ಹಿಡಿತವಿಲ್ಲ. ಅವುಗಳಿಗೆ ಮುಂಚೆಯೇ ನಿಧಾನಿಸಿರಬೇಕು.

ಬೇತಮಂಗಲದಿಂದ ಉತ್ತರಕ್ಕೆ ನಡೆದ ದಾರಿಯಲ್ಲಿ ದೇಶವು ತೆರೆದುಕೊಳ್ಳುವುದು. ಎಡಬಲದಲ್ಲಿ ಟೊಮೇಟೊ ತೋಟಗಳು, ಮಾವಿನ ತೋಪುಗಳು, ಅಲ್ಲಲ್ಲಿ ಯಾರೋ ಜೋಡಿಸಿಟ್ಟಂತೆ ಒಂದರ ಮೇಲೊಂದು ನಿಂತ ದುಂಡುಬಂಡೆಗಳು. ಟೊಮೇಟೊ ತುಂಬಿದ ಟೆಂಪೋಗಳು ಹರಾಜಿನ ಹೊತ್ತಿಗೆ ಮುಟ್ಟಬೇಕೆಂದು ಧಾವಿಸುವುವು. ಅವುಗಳಿಗೆ ದಾರಿ ಬಿಟ್ಟುಕೊಡುವುದರಲ್ಲಿ ಮಾನಹಾನಿಯೇನೂ ಇಲ್ಲ. ಹಳ್ಳಿಯ ಹತ್ತಿರ ಬಣ್ಣ ಬಳಿಯದ ಹಂಪುಗಳು ಮೇಲಿಂದ ಮೇಲೆ ಬರುತ್ತವೆ.

ಮೂರನೆಯ ತಟ್ಟಿಗೆ ನಾನು ಕಾಯಬೇಕಾಗಲಿಲ್ಲ. ನೂರು ಗಜದಾಚೆ ರಸ್ತೆಯ ಅಗಲಕ್ಕೂ ರಾಗಿಯ ಹುಲ್ಲು. ಬೆನ್ನ ಹಿಂದೆ ಆಕೆಯ ಕೈಗಳು ನನ್ನ ಅಂಗಿಯನ್ನು ಬಿಗಿಯಾಗಿ ಹಿಡಿದದ್ದು ತಿಳಿಯಿತು. ಗಾಡಿಯನ್ನು ಎಡಕ್ಕೆ ತಂದು ಪೂರ್ತಿ ನಿಲ್ಲಿಸಿದೆ. ಇಬ್ಬರೂ ಇಳಿದೆವು. ಆಕೆಯು ಹೆಲ್ಮೆಟ್ಟನ್ನು ತೆಗೆಯದೆಯೇ ಹುಲ್ಲಿನ ಮೇಲೆ ನಡೆಯತೊಡಗಿದಳು. ನಾನು ಎಂಜಿನನ್ನು ನಿಲ್ಲಿಸಿ ಗಾಡಿಯನ್ನು ಅಂಚಿನಲ್ಲಿ ತಳ್ಳಿಕೊಂಡು ಹೋದೆ. ಒಣಹುಲ್ಲು ಚಕ್ರಕ್ಕೆ ಸುತ್ತಿ ಕಾದ ಹೊಗೆಕೊಳವೆಗೆ ತಗುಲಿದರೆ ಬೆಂಕಿಯೂ ಹತ್ತಬಹುದು. ತೆನೆ ತಿರುವುತ್ತಿದ್ದ ರೈತಗಿತ್ತಿಯು ನಕ್ಕು, "ಯಾಕ್ ಸ್ವಾಮಿ, ಗಾಡಿ ಕೆಟ್ಟೋಯ್ತಾ?" ಎಂದಳು.

ನನ್ನಾಕೆಯು ಹೆಲ್ಮೆಟ್ಟನ್ನು ಮೇಲಕ್ಕೆತ್ತಿ ಹಣೆಯ ಗೆರೆಯನ್ನು ತೋರಿಸಿದಳು. "ಎರಡು ವರ್ಷದ ಹಿಂದೆ, ಇದೇ ಹುಲ್ಲು ತಾಯಿ" ಎಂದಳು. ಧ್ವನಿಯಲ್ಲಿ ಕೋಪವಿರಲಿಲ್ಲ.

ಆ ಹೆಂಗಸು ಕೈಯಲ್ಲಿದ್ದ ಕವೆಗೋಲನ್ನು ಕೆಳಗಿಟ್ಟಳು. "ಏನ್ ಮಾಡೋದಮ್ಮಾ, ಕಣ ಮಾಡೋಕೆ ಎತ್ತು ಎಲ್ಲವೆ? ಗುಂಡು ಎಳೆಯೋರು ಯಾರವರೆ? ಮಿಶನ್ನಿನವರು ಗಂಟೆಗಿಷ್ಟು ಅಂತ ಕೇಳ್ತಾರೆ" ಎಂದಳು. ಸಗಣಿ ಸಾರಿಸಿದ ಕಣವೂ, ಗುಂಡು ಎಳೆಯುವ ಜೋಡೆತ್ತೂ, ಮೆದೆ ಕಾಯುವ ರಾತ್ರಿಗಳೂ ನಮ್ಮ ಕಣ್ಣ ಮುಂದೆಯೇ ಹೋದವು. ಪಂಚಾಯಿತಿಗಳು ಊರಿಗೊಂದು ಸಿಮೆಂಟಿನ ಕಣವನ್ನು ಮಾಡಿಸಿಕೊಟ್ಟರೆ ಎಷ್ಟೋ ಹಣೆಗಳು ಉಳಿದಾವೆಂದು ನನಗೆ ತೋರುತ್ತದೆ. ಸಾಲದ ಕಡೆಗೆ, ರಸ್ತೆಯ ಅರ್ಧವನ್ನು ಬಿಟ್ಟು, ನೂರು ಹೆಜ್ಜೆ ಹಿಂದೆ ಒಂದು ಕೆಂಪು ಬಟ್ಟೆಯನ್ನಾದರೂ ಕಟ್ಟಬಹುದು. ನಾವು ಹಿಂದಿರುಗುವಾಗ ಒಂದು ಪಕ್ಕದ ಹುಲ್ಲನ್ನು ಎಳೆದು ದಾರಿ ಬಿಟ್ಟಿದ್ದರು.

ಆವಣಿಯನ್ನು ಅವನಿ ಎಂಬ ಸಂಸ್ಕೃತ ಶಬ್ದಕ್ಕೆ ಸೇರಿಸುವುದುಂಟು, ಅವನಿಯೆಂದರೆ ಭೂಮಿ. ಭೂಮಿಜೆಯಾದ ಸೀತೆಯು ಇಲ್ಲಿ ವಾಲ್ಮೀಕಿಯ ಆಶ್ರಮದಲ್ಲಿದ್ದು ಲವಕುಶರನ್ನು ಹಡೆದಳೆಂದು ಸ್ಥಳಪುರಾಣ. ದಕ್ಷಿಣದ ಗಯೆಯೆಂದೂ ಕರೆಯುವರು. ಊರಿನ ಆವರಣದೊಳಗೆ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಲಿಂಗಗಳಿಗೆ ಒಂದೊಂದು ಗುಡಿ. ನೊಳಂಬರ ಕಾಲದ ಶಿಲ್ಪವು ಸಾವಿರ ವರ್ಷದಿಂದ ಬಿಸಿಲು ಮಳೆ ಕಾಯ್ದು ನಿಂತಿದೆ. ಹೂವನ್ನು ಬಾಗಿಲಲ್ಲಿ ಮುಡಿದು ನನ್ನಾಕೆಯು ಬೆಟ್ಟವನ್ನು ನನಗಿಂತ ಮೊದಲೇ ಏರಿದಳು. ಮೇಲೆ ಸೀತಮ್ಮನ ಗುಡಿ. ಅಲ್ಲಿಂದ ನೋಡಿದರೆ ಮುಳಬಾಗಿಲಿನ ಸೀಮೆಯ ಕೆರೆಗಳು ಕನ್ನಡಿಯ ಚೂರುಗಳಂತೆ ಹರಡಿದ್ದವು. ಡಿ.ವಿ. ಗುಂಡಪ್ಪನವರು ಹುಟ್ಟಿದ್ದು ಆ ಮುಳಬಾಗಿಲಿನಲ್ಲಿ. ಬುತ್ತಿಯ ಚಿತ್ರಾನ್ನವನ್ನು ಬಂಡೆಯ ನೆರಳಿನಲ್ಲಿ ಉಂಡೆವು. ಒಂದು ಗಂಟೆ ಹೆಚ್ಚಾಗಿ ಕೂರಬೇಕೆಂದು ನನಗೆ ಆಸೆ. ಆಕೆಯು ಸೂರ್ಯನನ್ನು ನೋಡಿ, "ಕರಾರು" ಎಂದಳು.

ಆ ಕರಾರಿನ ಬೆಲೆ ನನಗೆ ಗೊತ್ತು. ನನ್ನ ಶಿಷ್ಯರಲ್ಲಿ ಒಬ್ಬನು, ರಘುವಂಶದ ಶ್ಲೋಕಗಳನ್ನು ನನಗಿಂತ ಸ್ಪಷ್ಟವಾಗಿ ಹೇಳುತ್ತಿದ್ದವನು, ಕತ್ತಲಾದ ಮೇಲೆ ಮನೆಗೆ ಬರುತ್ತ ರಸ್ತೆಯಲ್ಲಿ ನಿಂತಿದ್ದ ಟ್ರಾಕ್ಟರಿನ ಟ್ರೇಲರಿಗೆ ಹಿಂದಿನಿಂದ ಬಡಿದು ಹೋದನು. ಟ್ರೇಲರಿಗೆ ಹಿಂದೆ ದೀಪವಿರಲಿಲ್ಲ, ಕೆಂಪು ಹೊಳಪಿನ ಪಟ್ಟಿಯೂ ಇರಲಿಲ್ಲ. ಅವನು ವೇಗವಾಗಿ ಹೋಗುತ್ತಿರಲಿಲ್ಲವೆಂದು ಅವನ ತಾಯಿ ನನಗೆ ಹೇಳಿದರು. ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆದು ಕಳೆದ ಮರುಕ್ಷಣದಲ್ಲಿ, ಮುಂದಿರುವುದು ರಸ್ತೆಯೋ ಕಬ್ಬಿಣವೋ ಯಾರಿಗೂ ತಿಳಿಯುವುದಿಲ್ಲ. ಬಿದ್ದವನನ್ನು ಮುಟ್ಟಿದರೆ ಪೋಲೀಸು, ಕೋರ್ಟು ಎಂದು ಹೆದರಿ ಎರಡು ಗಾಡಿಗಳವರು ನಿಲ್ಲದೆ ಹೋದರಂತೆ. ಆ ಹೆದರಿಕೆಗೆ ಈಗ ಆಧಾರವಿಲ್ಲ. ೨೦೧೯ರ ತಿದ್ದುಪಡಿಯಾದ ಮೇಲೆ, ಗಾಯಗೊಂಡವನಿಗೆ ನೆರವಾದವರನ್ನು ಕಾನೂನೇ ರಕ್ಷಿಸುವುದು. ಹೆಸರನ್ನು ಹೇಳೆಂದು ಬಲವಂತ ಮಾಡುವಂತಿಲ್ಲ. ೧೦೮ಕ್ಕೆ ಕರೆ ಮಾಡಿ, ಹೆಲ್ಮೆಟ್ಟನ್ನು ಒರಟಾಗಿ ಎಳೆಯದೆ, ಕತ್ತನ್ನು ಅಲುಗಿಸದೆ ಪಕ್ಕದಲ್ಲಿ ಕುಳಿತಿದ್ದರೂ ಅದು ದೊಡ್ಡ ಉಪಕಾರ.

ಐದೂವರೆಗೆ ಕ್ಯಾಸಂಬಳ್ಳಿಯನ್ನು ಸೇರಿದೆವು. ಬೆಳಕು ಇನ್ನೂ ಇದ್ದಿತು. ಹಿಂದಿರುಗುವ ದಾರಿಯಲ್ಲಿ ಬೇತಮಂಗಲದಿಂದ ಈಚೆಗೆ ಭುಜಕ್ಕೆ ಒಂದೂ ತಟ್ಟು ಬಿದ್ದಿರಲಿಲ್ಲ. ನಿದ್ದೆ ಹೋದಳೋ ಎಂದು ಎರಡು ಬಾರಿ ಕನ್ನಡಿಯ ಕೋನವನ್ನು ತಿರುಗಿಸಿ ನೋಡಿದ್ದೆ. ಎಚ್ಚರವಾಗಿಯೇ ಇದ್ದಳು; ಹೊಲಗಳನ್ನು ನೋಡುತ್ತಿದ್ದಳು. ಮನೆಗೆ ಬಂದು ತನ್ನ ಹೆಲ್ಮೆಟ್ಟನ್ನು ನನ್ನದರ ಪಕ್ಕದ ಮೊಳೆಗೆ ತೂಗುಹಾಕಿ, ಹಾಲು ಕಾಯಿಸಲು ಒಳಕ್ಕೆ ಹೋದವಳು ಅಡಿಗೆಮನೆಯಿಂದಲೇ ಕೇಳಿದಳು:

"ಕುರುಡುಮಲೆಯ ಗಣಪತಿಯು ಮುಳಬಾಗಿಲಿನಿಂದ ಎಷ್ಟು ದೂರವಂತೆ?"